ಟೇಪು ಮೊದಲು ನನ್ನ ಸೊಂಟಕ್ಕೆ

ನಾನು ಕೊಪ್ಪಳ ಜಿಲ್ಲೆ ಕಾರಟಗಿ ಹತ್ತಿರದ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. 30 ದಾಟಿದವರ ಮನೆಗೆ ಹೋಗಿ, ಬಿಪಿ, ಸಕ್ಕರೆ ಕಾಯಿಲೆ, ಕ್ಯಾನ್ಸರಿನಂಥವು ಬರೋ ಅಪಾಯಕ್ಕೆ ಅಂಕ ಹಾಕೋ ಸಿಬ್ಯಾಕ್ ಫಾರ್ಮ್ ತುಂಬೋದು ನಮ್ಮ ಕೆಲಸ. ತಂಬಾಕು, ಕುಡಿತ, ಎದೆಯಲ್ಲಿ ಗಂಟು, ಎಲ್ಲ ಕೇಳಬೇಕು, ಸೊಂಟಾನೂ ಅಳೀಬೇಕು. ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಸೊನ್ನೆ, 90 ದಾಟಿದರೆ 2 ಅಂಕ.

ಮೊದಲ ಸಲ ಕೆಟ್ಟ ತಪ್ಪು ಮಾಡಿದೆ. ಗುಡಿಕಟ್ಟೆ ಹತ್ತಿರ ಹೆಂಗಸರನ್ನು ಕೂಡಿಸಿ ಸ್ತನ ಕ್ಯಾನ್ಸರ್ ಅಂತ ಶುರು ಮಾಡಿದೆ, ಆ ಕಡೆ ಗಂಡಸರು ಕೂತಿದ್ದು ನೋಡಲೇ ಇಲ್ಲ. ಸೆರಗು ಎಳ್ಕೊಂಡು ಒಬ್ಬೊಬ್ಬರೇ ಎದ್ದರು. ಉಳಿದ ನಾಲ್ಕು ಮಂದಿಗೆ ದಿನಾ ವ್ಯಾಯಾಮ ಮಾಡಿ ಅಂದೆ. "ಬೆಳಿಗ್ಗಿಂದ ಸಂಜಿತನಕ ಬಗ್ಗಿ ನಾಟಿ ಮಾಡ್ತೀವಿ, ಇನ್ನೇನ್ ವ್ಯಾಯಾಮಬೇ ಯವ್ವಾ" ಅಂದಳು ಒಬ್ಬಾಕೆ. ಖರೇನೇ ಅಲ್ವಾ!

ಆಮೇಲೆ ಸಂಘದ ಉಳಿತಾಯದ ದಿನ ಬಾಗಿಲು ಹಾಕಿಕೊಂಡು ಕೂತೆವು. ಟೇಪನ್ನು ಮೊದಲು ನನ್ನ ಸೊಂಟಕ್ಕೇ ಸುತ್ತಿಸಿಕೊಂಡೆ. 92! ಅಳೆದಾಕೆ ಟೇಲರ್, ಒಂದು ಸೆಂಟಿಮೀಟರೂ ಬಿಟ್ಟುಕೊಡಲಿಲ್ಲ. ನಕ್ಕು ನಕ್ಕು ಸಾಕಾದ ಮೇಲೆ ಉಳಿದವರೂ ಮುಂದೆ ಬಂದರು. ಗದ್ದೆಗೆ ಹೋಗೋರದ್ದು ಹೆಚ್ಚಾಗಿ 80ರ ಒಳಗೇ ಇತ್ತು. ಅಂಗಡಿ, ಹೊಲಿಗೆ ಅಂತ ಕೂತೇ ದುಡಿಯೋರದ್ದು, ಗದ್ದೆ ಬಿಟ್ಟ ಅತ್ತೆಯರದ್ದು ಜಾಸ್ತಿ. ಮುಟ್ಟು ನಿಂತ ಮೇಲೆ ಮೈಯ ಕೊಬ್ಬೇ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನು ತಯಾರಿಸುತ್ತೆ, ಕೊಬ್ಬು ಹೆಚ್ಚಿದಷ್ಟೂ ಈ ಕ್ಯಾನ್ಸರಿನ ಅಪಾಯ ಹೆಚ್ಚು ಅಂದಾಗ ಅತ್ತೆಯರು ಕಿವಿಗೊಟ್ಟರು. ಮುಟ್ಟು ನಿಂತರೆ ಎಲ್ಲಾ ಮುಗೀತು ಅಂದ್ಕೊಂಡಿದ್ದರು ಪಾಪ.

ಒಗ್ಗರಣೆ-ಮಿರ್ಚಿ ಬಿಡಿ ಅಂತ ನಾನು ಹೇಳಲೇ ಇಲ್ಲ, ನಮ್ಮ ಕಡೆ ಹಾಗಂದರೆ ನನ್ನನ್ನೇ ಬಿಡ್ತಾರೆ. ಎಣ್ಣೆ ಪಾಕೀಟು ಎಣಿಸಿ ಅಂದೆ ಅಷ್ಟೇ. ನಮ್ಮ ಮನೆಯ ನಾಲ್ಕು ಜನಕ್ಕೆ ತಿಂಗಳಿಗೆ 5 ಹೋಗ್ತಿತ್ತು, ಈಗ 3. ಮಿರ್ಚಿ ಭಾನುವಾರ ಮಾತ್ರ.

ಸಂಜೆ ಕಾಲುವೆ ದಂಡೆ ಮೇಲೆ ಏಳೆಂಟು ಜನ ಬಿರಬಿರನೆ ನಡೀತೀವಿ. ಅರ್ಧ ಗಂಟೆ, ವಾರಕ್ಕೆ ಐದು ದಿನ, ಫಾರ್ಮಿನಲ್ಲಿ ಕೇಳೋ ವಾರಕ್ಕೆ 150 ನಿಮಿಷದ ವ್ಯಾಯಾಮ ಅಲ್ಲಿಗೆ ಸರಿಹೋಯ್ತು. ಒಬ್ಬಳೇ ಹೊರಟರೆ "ಎಲ್ಲಿಗೆ ಹೊಂಟಿ" ಅಂತ ಹತ್ತು ಜನ ಕೇಳ್ತಾರೆ, ಗುಂಪಾಗಿ ಹೋದರೆ ಸುಮ್ನಿರ್ತಾರೆ. ಬಾಣಂತಿಯರಿಗೆ ಬೇರೆ ಲೆಕ್ಕ: ಒಟ್ಟು 12 ತಿಂಗಳು ಹಾಲುಣಿಸಿದರೆ ತಾಯಿಗೆ ಸ್ತನ ಕ್ಯಾನ್ಸರ್ ಬರೋ ಅಪಾಯ ಸುಮಾರು ಶೇ. 4ರಷ್ಟು ಇಳಿಯುತ್ತೆ.

ಆದರೆ ಸ್ತನ ಕ್ಯಾನ್ಸರ್ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಹೆಣ್ಣಾಗಿರೋದು, ವಯಸ್ಸು, ಇವೆರಡು ಬಿಟ್ಟರೆ ಬೇರೆ ಕಾರಣವೇ ಕಾಣಲ್ಲ. ಕಾಯಿಲೆ ಬಂದವಳಿಗೆ "ನೀನೇ ತಂದ್ಕೊಂಡೆ" ಅನ್ನಬಾರದು ಅಂತ ಪ್ರತಿ ಸಲ ಹೇಳ್ತೀನಿ. ಸೊಂಟ 74 ಇದ್ದ ಒಬ್ಬಾಕೆ, ನೋವಿಲ್ಲ ಬಿಡಕ್ಕ ಅಂತ ಎದೆಯ ಗಂಟನ್ನು ಎಂಟು ತಿಂಗಳು ಮುಚ್ಚಿಟ್ಟಿದ್ದಳು. ನೋವಿಲ್ಲ ಅಂತ ಬಿಡೋ ಗಂಟೇ ಅಲ್ಲ ಅದು. ಮಾರನೇ ದಿನವೇ ಕೈಹಿಡಿದು ಕರ್ಕೊಂಡು ಹೋದೆ. ಪುಣ್ಯಕ್ಕೆ ಕ್ಯಾನ್ಸರ್ ಅಲ್ಲ.

ನನ್ನ ಸೊಂಟ ಈಗ 88. ಬೇಸಿಗೆಯದ್ದೇ ತಲೆನೋವು: ಕಾಲುವೆ ನೀರು ನಿಂತರೆ ಗದ್ದೆ ಕೆಲಸ ಇಲ್ಲ, ಸಂಜೆ ಆರಾದರೂ ದಂಡೆ ಹಂಚಿನ ಹಾಗೆ ಕಾದಿರುತ್ತೆ. ಬೆಳಿಗ್ಗೆ ಐದೂವರೆಗೆ ಹೋಗೋಣ ಅಂತ ತೀರ್ಮಾನವೇನೋ ಆಗಿದೆ, ಯಾರು ಯಾರನ್ನ ಎಬ್ಬಿಸಬೇಕು ಅನ್ನೋ ಜಗಳ ಇನ್ನೂ ನಡೀತಿದೆ.