ಪದಪಟ್ಟಿಯ ನಡುಭಾಗವನ್ನು ನೆನಪಿನಲ್ಲಿ ಉಳಿಸಿಕೊಳ್ಳುವ ಬಗೆ

ಪರಸ್ಪರ ಸಂಬಂಧವಿಲ್ಲದ 15 ಸಾಮಾನ್ಯ ಪದಗಳನ್ನು ಯಾರಿಂದಲಾದರೂ ನಿಧಾನವಾಗಿ ಓದಿಸಿ, ಓದು ಮುಗಿದ ತಕ್ಷಣ ನೆನಪಿಗೆ ಬಂದವನ್ನು ಬಂದ ಕ್ರಮದಲ್ಲೇ ಬರೆದುಕೊಳ್ಳಿ. ಮೂಲಪಟ್ಟಿಯೊಡನೆ ಹೋಲಿಸಿದಾಗ, ಸಾಮಾನ್ಯವಾಗಿ ಕೊನೆಯ ಕೆಲವು ಪದಗಳೂ ಮೊದಲ ಒಂದೆರಡು ಪದಗಳೂ ಸಿಕ್ಕಿರುತ್ತವೆ; ಕೈತಪ್ಪಿರುವುದು ನಡುವಿನವು.

ಈಗ ಬೇರೊಂದು ಪಟ್ಟಿಯನ್ನು ಕೇಳಿ, ಬರೆಯುವ ಮುನ್ನ 297, 294, 291 ಎಂದು ಮೂರು ಮೂರು ಕಳೆಯುತ್ತ 30 ಸೆಕೆಂಡು ಗಟ್ಟಿಯಾಗಿ ಎಣಿಸಿ. ಈ ಸಲ ಕೊನೆಯ ಪದಗಳ ಮೇಲುಗೈ ಬಹುಮಟ್ಟಿಗೆ ಅಳಿದುಹೋಗುತ್ತದೆ, ಮೊದಲಿನವು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. 1966ರಲ್ಲಿ ಗ್ಲಾನ್ಜರ್ ಮತ್ತು ಕುನಿಟ್ಜ್ ಎಂಬ ಮನೋವಿಜ್ಞಾನಿಗಳು ಇಂಥದೇ ಪ್ರಯೋಗದಲ್ಲಿ ಇದನ್ನು ತೋರಿಸಿದರು. ಆರಂಭದ ಪದಗಳು ಬರುವಾಗ ಮನಸ್ಸಿಗೆ ಬಿಡುವಿರುವುದರಿಂದ ಅವುಗಳನ್ನು ಒಳಗೊಳಗೇ ಹಲವು ಬಾರಿ ಉರುಹೊಡೆಯಲು ಸಾಧ್ಯವಾಗುತ್ತದೆ. ಕೊನೆಯವು ಆಗತಾನೇ ಕಿವಿಗೆ ಬಿದ್ದದ್ದರ ಬಲದಲ್ಲಿ ನಿಂತಿರುತ್ತವೆ ಎಂಬುದು ಇದಕ್ಕೆ ರೂಢಿಯ ವಿವರಣೆ.

ಆದ್ದರಿಂದ ತಕ್ಷಣವೇ ಒಪ್ಪಿಸಬೇಕಾದ ಸಂದರ್ಭದಲ್ಲಿ, ಕ್ರಮದ ನಿರ್ಬಂಧವಿಲ್ಲದಿದ್ದರೆ, ಕೊನೆಯ ಪದಗಳನ್ನೇ ಮೊದಲು ಬರೆದುಬಿಡಿ. ಶ್ರಮವನ್ನೆಲ್ಲ ನಡುಭಾಗಕ್ಕೆ ಮೀಸಲಿಡಿ. ಏಳನೆಯ ಪದ ಕುದುರೆ, ಎಂಟನೆಯದು ಕತ್ತರಿ, ಒಂಬತ್ತನೆಯದು ಕೊಡೆ ಎಂದಿಟ್ಟುಕೊಳ್ಳಿ: ಕುದುರೆಯೊಂದು ಬಾಯಲ್ಲಿ ಕತ್ತರಿ ಕಚ್ಚಿಕೊಂಡು ಕೊಡೆಯ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸುತ್ತಿರುವುದನ್ನು ಕಣ್ಣೆದುರು ತಂದುಕೊಂಡರೆ, ಮೂರರಲ್ಲಿ ಒಂದು ಸಿಕ್ಕಿದರೂ ಉಳಿದೆರಡು ಅದರ ಹಿಂದೆಯೇ ಬರುತ್ತವೆ. ಚಿತ್ರ ಹಾಸ್ಯಾಸ್ಪದವಾಗಿದ್ದರೆ ಸಂಕೋಚಪಡಬೇಕಿಲ್ಲ, ಅದನ್ನು ಬೇರಾರೂ ನೋಡುವುದಿಲ್ಲ.

ಪಟ್ಟಿಯಲ್ಲಿ ಪ್ರಾಣಿ, ತರಕಾರಿ, ವೃತ್ತಿ ಮುಂತಾದ ವರ್ಗಗಳು ಬೆರೆತಿದ್ದರೆ ಹೀಗೆ ಕಥೆ ಕಟ್ಟುವುದಕ್ಕಿಂತ ವರ್ಗವಾಗಿ ವಿಂಗಡಿಸುವುದೇ ಸುಲಭವೆಂದು ನನ್ನ ಅನಿಸಿಕೆ. ಚೆಲ್ಲಾಪಿಲ್ಲಿಯಾಗಿ ಕೇಳಿಸಿದ ಇಂಥ ಪದಗಳನ್ನು ಜನ ತಮಗರಿವಿಲ್ಲದೆಯೇ ಗುಂಪುಗುಂಪಾಗಿ ನೆನಪಿಸಿಕೊಳ್ಳುತ್ತಾರೆ ಎಂಬುದನ್ನು ಮನೋವಿಜ್ಞಾನಿ ಬೌಸ್‌ಫೀಲ್ಡ್ 1953ರಲ್ಲೇ ದಾಖಲಿಸಿದ್ದರು.

ಆದರೆ ಸಂಬಂಧವುಳ್ಳ ಪದಗಳಲ್ಲಿ ಒಂದು ಮೋಸವೂ ಅಡಗಿದೆ. ಹಾಸಿಗೆ, ದಿಂಬು, ಕನಸು, ಆಕಳಿಕೆ, ಗೊರಕೆ ಎಂದು ಕೇಳಿದವರಲ್ಲಿ ಅನೇಕರು, ಯಾರೂ ಹೇಳದ ‘ನಿದ್ರೆ’ಯನ್ನೂ ಪೂರ್ಣ ವಿಶ್ವಾಸದಿಂದ ಬರೆಯುತ್ತಾರೆ. ಬರೆದು ಮುಗಿಸಿದ ಮೇಲೆ, ಇಡೀ ಪಟ್ಟಿಗೆ ತಲೆಬರಹವಾಗಬಲ್ಲ ಪದ ನಿಮ್ಮ ಹಾಳೆಯಲ್ಲಿದ್ದರೆ ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮೂಲದೊಡನೆ ಹೋಲಿಸುವಾಗ ಮೊದಲು ಅದನ್ನೇ ಪರಿಶೀಲಿಸಿ.