ಡ್ರೈ ಕ್ಲೀನ್ ಬಿಟ್ಟೆ, ಅಂಟುವಾಳ ಹಿಡಿದೆ

ಕಳೆದ ತಿಂಗಳು ಭಾನುವಾರದ ಸಂತೆಯಲ್ಲಿ ನನಗೊಂದು ಸಣ್ಣ ಗೆಲುವು ಸಿಕ್ಕಿತು. ಫ್ರಾನ್ಸಿನ ಲಿಯಾನ್ ಪಕ್ಕದ ವಿಲರ್ಬಾನ್‌ನಲ್ಲಿ ಹಳೇ ಸಾಮಾನಿನ ಸಂತೆ ಇದೆ, ಪ್ಯೂಸ್ ದ್ಯು ಕನಾಲ್ ಅಂತ. ಅಲ್ಲಿ ಹಳೇ ಬಟ್ಟೆ ಮಾರುವ ಒಬ್ಬ ಹಿರಿಯರು ನನ್ನ ಕತ್ತಿನಲ್ಲಿದ್ದ ರೇಷ್ಮೆ ಸ್ಕಾರ್ಫಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉರುಳಿಸಿ ನೋಡಿದರು. "ಎಲ್ಲಿ ಸಿಕ್ಕಿತು ಮದಾಮ್, ಇಷ್ಟು ಚೆನ್ನಾಗಿ ಉಳಿದಿದೆಯಲ್ಲ?" ಅಂದರು.

"ನಿಮ್ಮ ಹತ್ತಿರವೇ ತಗೊಂಡಿದ್ದು. ಮೂರು ವರ್ಷ ಆಯ್ತು, 35 ಯೂರೋ. ಇದು ಇನ್ನು ಕಾರು ಒರೆಸೋಕೇ ಸರಿ ಅಂದಿದ್ದಿರಿ" ಅಂದೆ.

ಅವರು ಮತ್ತೊಮ್ಮೆ ಅಂಚು ಮುಟ್ಟಿದರು. ನೀರಲ್ಲಿ ಒಗೆದೆ ಅಂದಾಗ ನಂಬಲಿಲ್ಲ. ಇಷ್ಟು ವರ್ಷ ನಂಬದವರು ಅವರೊಬ್ಬರೇ ಅಲ್ಲ, ಹಾಗಾಗಿ ಹೇಗೆ ಒಗೆಯುತ್ತೇನೆ ಅಂತ ಬರೆದೇ ಬಿಡೋಣ ಅನ್ನಿಸಿತು. ಟ್ವಿಲ್ ನೇಯ್ಗೆ ಯಾವುದು, ಕ್ರೇಪ್ ಯಾವುದು, ಚಿತ್ರ ಬರೆದ ಕಲಾವಿದರ ಸಹಿ ಎಲ್ಲಿರುತ್ತದೆ ಅನ್ನೋದೆಲ್ಲ ಸ್ಕಾರ್ಫ್ ಕೂಡಿಡುವವರಿಗೆ ಗೊತ್ತಿರುತ್ತದೆ. ಅದನ್ನು ಬಿಡುತ್ತೇನೆ.

ನಾನು ರಾಮನಗರದವಳು. ನಮ್ಮಪ್ಪ ಚರಕ ಇಟ್ಟುಕೊಂಡು ಗೂಡಿನಿಂದ ನೂಲು ಬಿಚ್ಚುತ್ತಿದ್ದರು. ನಮ್ಮನೆಯವರ ಕೆಲಸಕ್ಕೆಂದು ಲಿಯಾನ್‌ಗೆ ಬಂದಾಗ, ಇದೂ ರೇಷ್ಮೆ ಊರೇ ಅಂತ ಗೊತ್ತಿರಲಿಲ್ಲ. ಎರ್ಮೆಸ್ ಅನ್ನೋ ಫ್ರೆಂಚ್ ಕಂಪನಿಯ ಕಾರೆ, ಅಂದರೆ 90 ಸೆಂಟಿಮೀಟರಿನ ಚೌಕ ರೇಷ್ಮೆ ಸ್ಕಾರ್ಫ್, ಇವತ್ತಿಗೂ ಅಚ್ಚಾಗೋದು ಇಲ್ಲೇ ಹತ್ತಿರದ ಪಿಯೆರ್ ಬೆನಿತ್‌ನಲ್ಲಿ. ಒಂದು ಸ್ಕಾರ್ಫಿಗೆ 250-300 ಗೂಡು ಬೇಕು ಅನ್ನುತ್ತಾರೆ. ಅದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಬೆಲೆ ಎಷ್ಟು?" ಅಂದರು. ಹೊಸದು ಐನೂರು ಯೂರೋ ಹತ್ತಿರ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ.

ಮೊದಲು ಕೊಂಡಿದ್ದು 2018ರಲ್ಲಿ, ಒಂದು ವಿಡ್ ಗ್ರೆನಿಯೆಯಲ್ಲಿ. ಬೀದಿಯವರೆಲ್ಲ ಅಟ್ಟದ ಸಾಮಾನು ಹೊರಗಿಟ್ಟು ಮಾರುವ ದಿನ ಅದು. ಕಲಾವಿದ ಯೂಗೊ ಗ್ರಿಗ್ಕಾರ್ 1957ರಲ್ಲಿ ಎರ್ಮೆಸ್‌ಗೆ ಚಿತ್ರ ಬರೆದ 'ಬ್ರಿದ್ ದ ಗಲಾ', ಕುದುರೆ ಲಗಾಮಿನದು, ಎಲ್ಲರೂ ಮೊದಲು ಬೀಳೋದು ಅದಕ್ಕೇ. 70 ಯೂರೋ ಕೊಟ್ಟೆ. ಮನೆಗೆ ಬಂದು ನೋಡಿದರೆ ಅಂಚು ಹಿಂದಕ್ಕೆ ಉರುಳಿದೆ, ಹಿಂಬದಿಯಲ್ಲಿ ಬಣ್ಣ ಪೇಲವ. ಅಸಲಿದು ಮುಖದ ಕಡೆಗೆ ಉರುಳಿರುತ್ತದೆ, ಬಣ್ಣ ಆಚೆಗೂ ಇಳಿದಿರುತ್ತದೆ. ನಕಲಿ. ಈಗ ಅದನ್ನು ಇಸ್ತ್ರಿ ಬಿಸಿ ನೋಡೋಕೆ ಇಟ್ಟುಕೊಂಡಿದ್ದೇನೆ.

ಆ ವರ್ಷ ಸುಮಾರು 1,100 ಯೂರೋ ಹೋಯಿತು. ಆಗ ಯೂರೋಗೆ ಎಂಬತ್ತು ರೂಪಾಯಿ ಆಸುಪಾಸು, ಲೆಕ್ಕ ಹಾಕಿಕೊಳ್ಳಿ. ಮನೆಯಲ್ಲಿ 600 ಅಂತ ಹೇಳಿದ್ದೆ. ಒಳ್ಳೆಯ ಸ್ಥಿತಿಯ ಕಾರೆ ಸೆಕೆಂಡ್ ಹ್ಯಾಂಡ್‌ನಲ್ಲೂ 120-150 ಬೀಳುತ್ತಿತ್ತು. ಕಲೆ ಇದ್ದದ್ದು, ನುಸಿಗುಳಿಗೆ ವಾಸನೆ ಹಿಡಿದದ್ದು 30-40ಕ್ಕೆ ಸಿಗುತ್ತಿತ್ತು. ನನ್ನ ಜೇಬಿಗೆ ಅದೇ ಸರಿ. ಆದರೆ ಅದನ್ನು ಶುಚಿ ಮಾಡಬೇಕಲ್ಲ?

ಎಲ್ಲರೂ ಹೇಳಿದ್ದು ಒಂದೇ, ಡ್ರೈ ಕ್ಲೀನ್. ನಾಲ್ಕು ಸ್ಕಾರ್ಫ್ ಒಂದು ಅಂಗಡಿಗೆ ಕೊಟ್ಟೆ. ಒಂದಕ್ಕೆ 17 ಯೂರೋ. ವಾಪಸ್ ಬಂದಾಗ ಕಲೆ ಅರ್ಧ ಹೋಗಿತ್ತು, ಜೊತೆಗೆ ಅಂಚಿನ ಜೀವವೂ ಹೋಗಿತ್ತು. ಕೈಯಲ್ಲಿ ಉರುಳಿಸಿ ಹೊಲಿದ ಅಂಚು ಶ್ಯಾವಿಗೆ ಎಳೆಯ ಹಾಗೆ ದುಂಡಗಿರಬೇಕು. ಪುಣ್ಯಾತ್ಮರು ಅದರ ಮೇಲೇ ಇಸ್ತ್ರಿ ಒತ್ತಿ ಹಪ್ಪಳ ಮಾಡಿದ್ದರು. ಅಂಚು ಚಪ್ಪಟೆ ಆದರೆ ಬೆಲೆ ಅರ್ಧಕ್ಕೆ ಇಳಿದ ಹಾಗೇ. ದುಡ್ಡು ಕೊಟ್ಟು ಮಾಲು ಕೆಡಿಸಿಕೊಂಡೆ.

ನೀರಿನ ಯೋಚನೆ ಬಂದದ್ದು ಆ ಸಿಟ್ಟಿನಲ್ಲೇ. "ರೇಷ್ಮೆಗೆ ನೀರೇ ಶತ್ರು" ಅಂತ ಸಂತೆಯ ಆ ಹಿರಿಯರೂ ಹೇಳಿದ್ದರು, ನನಗಿಂತ ಇಪ್ಪತ್ತು ವರ್ಷ ಮುಂಚೆಯಿಂದ ಕೂಡಿಡುತ್ತಿದ್ದ ಗೆಳತಿಯರೂ ಹೇಳಿದ್ದರು. ನನಗೆ ಒಳಗೊಳಗೇ ನಗು. ಗೂಡನ್ನು ಕುದಿಯೋ ನೀರಲ್ಲಿ ಬೇಯಿಸಿಯೇ ಅಲ್ವಾ ನೂಲು ತೆಗೆಯೋದು? ಅಂಟು ಬಿಡಿಸೋಕೆ ಸೋಪಿನಲ್ಲಿ ಇನ್ನೊಮ್ಮೆ ಬೇಯಿಸುತ್ತಾರೆ. ಅಚ್ಚು ಹಾಕಿದ ಮೇಲೆ ಹಬೆ ಕೊಟ್ಟು ಮತ್ತೆ ತೊಳೆಯುತ್ತಾರೆ. ಅಷ್ಟು ನೀರು ಕಂಡ ಬಟ್ಟೆ ನನ್ನ ಬಚ್ಚಲಿಗೆ ಹೆದರುತ್ತದೆಯೇ?

ಹೆದರಿತು. ಮೊದಲ ವರ್ಷ ಹೆದರಿದ್ದೇನು, ಸತ್ತೇ ಹೋಯಿತು ಅನ್ನಿ. ಇಲ್ಲಿ ಎಲ್ಲರ ಮನೆಯಲ್ಲೂ ಕಲೆಗೆಂದು ಒಂದು ಬಿಳಿ ಪುಡಿ ಇರುತ್ತದೆ, ಪರ್ಕಾರ್ಬೊನೇಟ್. ಹತ್ತಿಗೆ ದೇವರಂಥದ್ದು. ಹಳದಿ ತಿರುಗಿದ ಒಂದು ಲಾನ್ವಾಂ ಕಂಪನಿಯ ಸ್ಕಾರ್ಫನ್ನು ಅದರಲ್ಲಿ ನೆನೆಹಾಕಿದೆ. ಕಲೆ ಹೋಯಿತು, ಹೊಳಪೂ ಹೋಯಿತು. ಒಣಗಿದ ಮೇಲೆ ಕೈಗೆ ಒರಟು, ಹಳೇ ಪರದೆ ಬಟ್ಟೆಯ ಹಾಗೆ. ಆ ಪುಡಿ ಕ್ಷಾರ, ಕ್ಷಾರ ರೇಷ್ಮೆಗೆ ಆಗಲ್ಲ ಅಂತ ನೂಲು ಬಿಚ್ಚುವವರ ಮಗಳಾಗಿ ನನಗೆ ಗೊತ್ತಿರಬೇಕಿತ್ತು. ಆಮೇಲೆ ಮಕ್ಕಳ ಶಾಂಪೂ ತಂದೆ. ಅದು ಪರವಾಗಿಲ್ಲ, ಆದರೆ ಇಲ್ಲಿಯ ನೀರು ಸ್ವಲ್ಪ ಗಡಸು. ಎಷ್ಟು ಜಾಲಿಸಿದರೂ ಬಟ್ಟೆಯ ಮೇಲೊಂದು ಪೊರೆ ಉಳಿದ ಹಾಗಿರುತ್ತಿತ್ತು.

2019ರ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಮ್ಮ ಬೀರುವಿನಿಂದ ಅಜ್ಜಿಯ ಸೀರೆ ತೆಗೆದು ತೋರಿಸಿದರು. ಐವತ್ತು ವರ್ಷದ ಮೈಸೂರು ಸಿಲ್ಕ್, ಇನ್ನೂ ಸರಸರ ಸದ್ದು ಮಾಡುತ್ತದೆ. ಅಜ್ಜಿ ಅದನ್ನು ಒಗೆಯುತ್ತಿದ್ದದ್ದು ಅಂಟುವಾಳಕಾಯಿಯಲ್ಲಿ. ಒಂದು ದಿನವೂ ಡ್ರೈ ಕ್ಲೀನ್ ಕಂಡದ್ದಲ್ಲ. ಅರ್ಧ ಕಿಲೋ ಅಂಟುವಾಳ ಸೂಟ್‌ಕೇಸಿಗೆ ಹಾಕಿಕೊಂಡು ಬಂದೆ.

ಈಗ ನಾನು ಮಾಡೋದು ಹೀಗೆ. ಬೀಜ ತೆಗೆದ ಆರೇಳು ಕಾಯಿ ರಾತ್ರಿ ಒಂದು ಚೊಂಬು ಬೆಚ್ಚನೆ ನೀರಿಗೆ. ಬೆಳಗ್ಗೆ ಚೆನ್ನಾಗಿ ಕಿವುಚಿ ಬಟ್ಟೆಯಲ್ಲಿ ಸೋಸುತ್ತೇನೆ. ದೊಡ್ಡ ಟಬ್ಬಿನಲ್ಲಿ ಎಂಟು ಹತ್ತು ಲೀಟರ್ ತಣ್ಣೀರು, ಅದಕ್ಕೆ ಈ ರಸ. ಸ್ಕಾರ್ಫನ್ನು ಬಿಡಿಸಿ ಹರಡಿ ಮುಳುಗಿಸುತ್ತೇನೆ. ಉಜ್ಜೋದಿಲ್ಲ, ಹಿಂಡೋದಿಲ್ಲ, ಅಂಗೈಯಲ್ಲಿ ಸುಮ್ನೆ ಒತ್ತಿ ಒತ್ತಿ ಬಿಡೋದು. ಮೂರು ನಾಲ್ಕು ನಿಮಿಷ, ಅಷ್ಟೇ. ಮೂರು ಸಲ ಜಾಲಿಸಿ, ಕೊನೆಯ ನೀರಿಗೆ ಎರಡು ಚಮಚ ಬಿಳಿ ವಿನೆಗರ್. ಆ ಸರಸರ ಸದ್ದು ವಾಪಸ್ ಬರೋದು ಆ ಎರಡು ಚಮಚದಿಂದ.

ಆಮೇಲೆ ನಮ್ಮನೆಯವರ ಹಳೇ ಬಿಳಿ ಪಂಚೆಯಲ್ಲಿ ಸುರುಳಿ ಸುತ್ತಿ ನೀರು ಹೀರಿಸುತ್ತೇನೆ. ಟವೆಲ್ ಬೇಡ, ನೂಲಿನ ಜುಂಗು ಅಂಟುತ್ತದೆ. ಮುಖ್ಯವಾದದ್ದು ಇದರ ಮುಂದೆ. ಸ್ನಾನದ ಮನೆಯ ಗಾಜಿನ ಬಾಗಿಲನ್ನು ಒರೆಸಿ, ಒದ್ದೆ ಸ್ಕಾರ್ಫನ್ನು ಅದಕ್ಕೆ ನೇರ ಅಂಟಿಸಿಬಿಡುತ್ತೇನೆ. ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರಿದರೆ ಒಂದು ಸುಕ್ಕೂ ಉಳಿಯಲ್ಲ. ಮುಕ್ಕಾಲು ಒಣಗಿದಾಗ ಮೂಲೆ ಹಿಡಿದು ಮೆಲ್ಲಗೆ ಎಳೆದರೆ ಸರ್ರನೆ ಬಿಟ್ಟುಬರುತ್ತದೆ, ಇಸ್ತ್ರಿ ಹಾಕಿದ ಹಾಗೇ ಇರುತ್ತದೆ. ಇಸ್ತ್ರಿಯೇ ಬೇಡ ಅಂದ ಮೇಲೆ ಅಂಚು ಚಪ್ಪಟೆ ಆಗೋ ಮಾತೆಲ್ಲಿ? ಆ ಸ್ವಲ್ಪ ತೇವದಲ್ಲೇ ನಾಲ್ಕೂ ಬದಿ ಹೆಬ್ಬೆರಳು ತೋರುಬೆರಳಲ್ಲಿ ಉರುಳಿಸುತ್ತಾ ಹೋಗುತ್ತೇನೆ, ಹೂಬತ್ತಿ ಹೊಸೆದ ಹಾಗೆ. ಮೂರೂವರೆ ಮೀಟರ್ ಮೇಲಾಯಿತು, ಒಂದು ಧಾರಾವಾಹಿ ನೋಡುವಷ್ಟು ಹೊತ್ತು. ಹಪ್ಪಳ ಆಗಿದ್ದ ಆ ನಾಲ್ಕರಲ್ಲಿ ಮೂರರ ಅಂಚು ಹೀಗೇ ಎದ್ದು ಕೂತಿತು. ನಾಲ್ಕನೆಯದು ಏಳಲಿಲ್ಲ.

ಓದೋಕೆ ಸುಲಭ ಅನ್ನಿಸಬಹುದು. ಇಲ್ಲಿಗೆ ಬರೋಕೆ ಎಷ್ಟು ಕಳೆದುಕೊಂಡೆ ಅನ್ನೋದನ್ನೂ ಕೇಳಿ.

ಕೆನೆ ಬಣ್ಣದ ಒಂದು ನಿನಾ ರಿಚಿ ಕಂಪನಿಯ ಸ್ಕಾರ್ಫ್ ಮೊದಲ ಬಲಿ. ಅಂಟುವಾಳದ ರಸ ಕಂದು ಅಲ್ವಾ, ಸ್ಕಾರ್ಫ್ ಟೀ ಸೋಸಿದ ಬಟ್ಟೆ ಆಯಿತು. ಅಜ್ಜಿ ಒಗೆದದ್ದೆಲ್ಲ ಕಡು ಬಣ್ಣದ ಸೀರೆ, ಈ ತಾಪತ್ರಯ ಅವರಿಗೆ ಬಂದೇ ಇರಲಿಲ್ಲ. ರಸವನ್ನು ತಿಳಿ ಮಾಡೋಕೆ ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಅದಕ್ಕೆ ಎಂಟು ತಿಂಗಳು, ಐದು ಸ್ಕಾರ್ಫ್ ಖರ್ಚಾಗಿವೆ, ಹಾಗಾಗಿ ಇಲ್ಲಿ ಹೇಳಲ್ಲ. ಬೇಜಾರು ಮಾಡ್ಕೋಬೇಡಿ. ತಿಳಿ ನೆಲದ ಸ್ಕಾರ್ಫಿದ್ದರೆ ಮಕ್ಕಳ ಶಾಂಪೂವಿನಲ್ಲೇ ತೊಳೆಯಿರಿ.

ಎರಡನೆಯದು ಇನ್ನೂ ಹೊಟ್ಟೆ ಉರಿಸುತ್ತದೆ. ಕಲಾವಿದ ಫಿಲಿಪ್ ಲದೂ ಸಹಿಯ ಎರ್ಮೆಸ್ ಸ್ಕಾರ್ಫ್ 'ನೆಪೋಲಿಯನ್', ನೀಲಿ ಅಂಚಿನದು, 85 ಯೂರೋ. ಮೂಲೆಯಲ್ಲಿ ಒದ್ದೆ ಹತ್ತಿ ಇಟ್ಟು ನೋಡಿದ್ದೆ, ಬಣ್ಣ ಬಿಟ್ಟಿರಲಿಲ್ಲ. ತೊಳೆದು ಪಂಚೆಯಲ್ಲಿ ಸುತ್ತಿದೆ, ಅಷ್ಟರಲ್ಲಿ ಅಮ್ಮನ ಫೋನ್. ಯಾರದೋ ಮದುವೆ ಸುದ್ದಿ, ಇಪ್ಪತ್ತು ನಿಮಿಷ ಆಗಿರಬೇಕು. ಬಿಚ್ಚಿದರೆ ಬಿಳಿ ಜಾಗದಲ್ಲೆಲ್ಲ ನೀಲಿ ಮೋಡ. ಟಬ್ಬಿನ ನೀರಲ್ಲಿ ತೇಲುತ್ತಿದ್ದಾಗ ಏನೂ ಆಗಿರಲಿಲ್ಲ, ಒದ್ದೆಯಾಗಿ ಒಂದರ ಮೇಲೊಂದು ಮಡಿಸಿಕೊಂಡು ಕೂತಾಗ ಆಯಿತು. ಈಗ ತೊಳೆಯುವಾಗ ಫೋನ್ ಬೇರೆ ಕೋಣೆಯಲ್ಲಿ. ಪಂಚೆಯಲ್ಲಿ ಸುತ್ತುವಾಗ ಮೇಲೆ ಕೆಳಗೆ ಎರಡು ಪದರ ಬಟ್ಟೆ, ರೇಷ್ಮೆಗೆ ರೇಷ್ಮೆ ತಾಗಬಾರದು. ನೀಲಿ ಮತ್ತು ಕೆಂಪಿಗೆ ಇನ್ನೊಂದು ಸಣ್ಣ ಎಚ್ಚರಿಕೆ ಇದೆ, ಅದೂ ನನ್ನ ಹತ್ತಿರವೇ ಇರಲಿ.

ಪ್ಲಿಸೆ, ಅಂದರೆ ನೆರಿಗೆ ಹಾಕಿದವನ್ನು ಮಾತ್ರ ನೀರಿಗೆ ಹಾಕಲೇಬೇಡಿ. ನೆರಿಗೆ ಹೋಯಿತು ಅಂದರೆ ಹೋಯಿತು.

ಮಧ್ಯೆ ಸುಮ್ನಿರಲಾರದೆ ಬೇರೆ ಏನೇನೋ ಮಾಡಿದ್ದೂ ಉಂಟು. ನಾಟಕದವರು ವೇಷದ ಬಟ್ಟೆಗೆ ವೋಡ್ಕಾ ಸಿಂಪಡಿಸಿ ವಾಸನೆ ತೆಗೆಯುತ್ತಾರಂತೆ. ಮಾಡಿ ನೋಡಿದೆ. ಬೆವರಿನ ವಾಸನೆ ಹೋಗುತ್ತದೆ, ನುಸಿಗುಳಿಗೆಯ ಮುಂದೆ ಏನೂ ನಡೆಯಲ್ಲ. ಅದಕ್ಕೆ ಮೂರು ವಾರ ನೆರಳಲ್ಲಿ ಗಾಳಿಗೆ ಹಾಕೋದೊಂದೇ ದಾರಿ. ಬಾಲ್ಕನಿಯಲ್ಲಿ ಹಾಕಿ ಪಾರಿವಾಳದ ಆಶೀರ್ವಾದವನ್ನೂ ಪಡೆದಿದ್ದೇನೆ.

ಬಣ್ಣ ಹರಡಿದ ಆ 'ನೆಪೋಲಿಯನ್'ನಲ್ಲಿ ಬ್ಲೌಸ್ ಹೊಲಿದೆ! 90ಕ್ಕೆ 90 ಅಂದರೆ ಬ್ಲೌಸ್ ಪೀಸಿಗೆ ಸಾಕಲ್ವಾ. ಲೈನಿಂಗ್ ಕೊಟ್ಟೆ, ಅದರ ಚಿತ್ರದಲ್ಲಿದ್ದ ಜೇನುಹುಳುಗಳನ್ನು ತೋಳಿಗೆ ಬರುವ ಹಾಗೆ ಕತ್ತರಿಸಿದೆ. ಇಲ್ಲಿಯ ಕನ್ನಡದವರೆಲ್ಲ ಸೇರಿದ್ದ ಯುಗಾದಿಗೆ ಬೂದು ಸೀರೆಯ ಜೊತೆ ಹಾಕಿಕೊಂಡು ಹೋದೆ. ಎಲ್ಲರೂ ಹೊಗಳಿದರು. ಒಬ್ಬಟ್ಟು ಬಡಿಸೋಕೆ ಬಗ್ಗಿದಾಗ ಬೆನ್ನಿನ ಹೊಲಿಗೆ ಪಕ್ಕದಲ್ಲಿ ನೂಲು ಸರಿದು ಬಾಯಿ ಬಿಟ್ಟಿತು. ಉಳಿದ ಹೊತ್ತೆಲ್ಲ ಸೆರಗು ಹೊದ್ದುಕೊಂಡೇ ಕಳೆದೆ. ಕತ್ತಿಗೆ ಕಟ್ಟೋಕೆ ನೆಯ್ದ ಬಟ್ಟೆ ಬೆನ್ನಿನ ಎಳೆತ ತಡೆಯಲ್ಲ.

ಅಂಚು ಪೂರ್ತಿ ಬಿಚ್ಚಿಹೋದದ್ದನ್ನು ಮತ್ತೆ ಹೊಲಿಯೋದನ್ನೂ ಕಲಿತೆ. ಮೊದಲನೆಯದಕ್ಕೆ ಎರಡು ದಿನ, ಒಟ್ಟು ಒಂಬತ್ತು ಗಂಟೆ. ಗೆರೆ ಹಾವು ಹರಿದ ಹಾಗಿತ್ತು. ಈಗ ಎರಡೂವರೆ ಗಂಟೆಯಲ್ಲಿ ಮುಗಿಸುತ್ತೇನೆ. ಸೀರೆಗೆ ಕುಚ್ಚು ಕಟ್ಟಿ ಪಳಗಿದ ಕೈಯಾದರೆ ಬೇಗ ಬರುತ್ತದೆ.

ಲೆಕ್ಕ ಬಾಯಿಗೆ ಬಂದಷ್ಟು ಹೇಳುತ್ತೇನೆ, ಪುಸ್ತಕ ಇಟ್ಟಿಲ್ಲ. ಇಲ್ಲಿಯವರೆಗೆ 140ರ ಹತ್ತಿರ ಕೊಂಡಿದ್ದೇನೆ. ಹನ್ನೆರಡೋ ಹದಿಮೂರೋ ಕೆಡಿಸಿದೆ. ಅರವತ್ತು ಚಿಲ್ಲರೆ ಮಾರಿದೆ. 35-40ಕ್ಕೆ ತಂದದ್ದು ತೊಳೆದ ಮೇಲೆ 110-130ಕ್ಕೆ ಹೋಗುತ್ತದೆ, ತೊಳೆದದ್ದು ಅಂತ ಹೇಳಿಯೇ ಮಾರುತ್ತೇನೆ. ಮೂರನೇ ವರ್ಷದಿಂದ ಕೈಯಿಂದ ದುಡ್ಡು ಹಾಕಿಲ್ಲ, ಮಾರಿದ್ದರಲ್ಲೇ ಹೊಸದು ಬರುತ್ತದೆ. ಉಳಿದವು ನನ್ನವು.

ಅವುಗಳಲ್ಲಿ ಕೊಡದೇ ಇಟ್ಟುಕೊಂಡದ್ದು ಒಂದು ಕರ್ಮಿಟ್ ಆಲಿವರ್. ಟೆಕ್ಸಾಸ್‌ನ ವಾಕೊ ಊರಿನ ಅಂಚೆ ಕಚೇರಿಯಲ್ಲಿ ರಾತ್ರಿ ಪಾಳಿ ಮಾಡಿಕೊಂಡು ಎರ್ಮೆಸ್‌ಗೆ ಚಿತ್ರ ಬರೆದುಕೊಟ್ಟ ಕಲಾವಿದ ಆತ. 95 ಯೂರೋಗೆ ಬಂತು, ಮೇಲೆಲ್ಲ ಮೇಣದ ಬತ್ತಿಯ ಮೇಣ ಸುರಿದಿತ್ತು. ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟು, ಉಗುರಿನಲ್ಲಿ ಮೇಣ ಎಬ್ಬಿಸಿ, ಆಮೇಲೆ ತೊಳೆದೆ. ನಮ್ಮನೆಯವರು ಬಟಾಣಿ ತೆಗೆಯೋಕೆ ಹೋಗಿ ಅದನ್ನು ಕಂಡು ಏನೂ ಮಾತಾಡದೆ ಬಾಗಿಲು ಮುಚ್ಚಿದ್ದರು.

ನಾನು ತೋರಿಸಿದ ಗೆಳತಿಯರಲ್ಲಿ ಇಬ್ಬರು ಈಗ ನನ್ನಿಂದ ಅಂಟುವಾಳ ತರಿಸಿಕೊಳ್ಳುತ್ತಾರೆ. ತಂಗಿ ಬರುವಾಗಲೆಲ್ಲ ಎರಡು ಕಿಲೋ ತರುತ್ತಾಳೆ. ಸಂತೆಯ ಆ ಹಿರಿಯರು ಮಾತ್ರ ಅಂಟುವಾಳ ಕೇಳಲಿಲ್ಲ. ಅದರ ಮುಂದಿನ ಭಾನುವಾರ ನಾನು ಹೋದಾಗ, ಎಂದಿನ ಹಾಗೆ ಮೇಜಿನ ಕೆಳಗೆ ಕಲೆ ಬಿದ್ದವುಗಳ ಪೆಟ್ಟಿಗೆ ಇತ್ತು. ಮೇಲಿನದನ್ನು ಎತ್ತಿ ಎಷ್ಟು ಅಂದೆ.

"ನಿಮಗೆ 60, ಮದಾಮ್" ಅಂದರು. ಹೋದ ವಾರ ಅದೇ ಪೆಟ್ಟಿಗೆಯದು 35 ಇತ್ತು. ಯಾಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. 50ಕ್ಕೆ ಇಳಿಸಿಕೊಂಡು ತಂದೆ.