ಸುಳ್ಳು ಅಲಾರಂ ದಂಡ ನಿಂತಿದ್ದು ಹೀಗೆ

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಬೆಂಕಿ ಅಲಾರಂ, ಕಳ್ಳರ ಅಲಾರಂ ಎರಡನ್ನೂ ನಾನು ನೋಡಿಕೊಳ್ಳುವ ಒಂದೇ ಕಟ್ಟಡ, ಒಂದು ವರ್ಷದಲ್ಲಿ 17 ಸುಳ್ಳು ಅಲಾರಂ. ಈಗ 14 ತಿಂಗಳಾಯಿತು, ಬಂದಿದ್ದು ಒಂದೇ. ಅಲಾರಂ ನಡೆಸುವ ಪ್ಯಾನೆಲ್ ಅದೇ ಹಳೆಯದು, ಡಿಟೆಕ್ಟರುಗಳನ್ನು ಅದಕ್ಕೆ ಜೋಡಿಸುವ ಲೂಪ್ ವೈರಿಂಗೂ ಅದೇ. ಪ್ಯಾನೆಲ್ ಕಿತ್ತು ಬಿಸಾಕದೆ ಇದು ಸರಿಹೋಗಲ್ಲ ಅಂತ ನನ್ನ ಮುಖಕ್ಕೇ ಹೇಳಿದವರು ಮೂರು ಜನ, ಅದರಲ್ಲಿ ಒಬ್ಬರು ನನಗೆ ಕೆಲಸ ಕಲಿಸಿದವರು. ಅವರು ಓದಲಿ ಅಂತಲೇ ಬರೆಯುತ್ತಿದ್ದೇನೆ ಅಂದುಕೊಂಡರೂ ಬೇಜಾರಿಲ್ಲ.

ಕಟ್ಟಡದ ಕೆಳಗೆ ಗೋದಾಮು, ಮಧ್ಯೆ ಎರಡು ಮಹಡಿ ಆಫೀಸು, ಮೇಲೆ ಎರಡು ಮಹಡಿ ಉಳಿದುಕೊಳ್ಳುವ ರೂಮುಗಳು. ಫೈರ್ ಕಡೆ ಅಡ್ರೆಸೆಬಲ್ ಸಿಸ್ಟಂ, ಅಂದರೆ ಪ್ರತಿ ಡಿವೈಸ್‌ಗೂ ತನ್ನದೇ ನಂಬರ್, ಸುಮಾರು 140 ಡಿವೈಸ್. ಕಳ್ಳರ ಅಲಾರಂಗೆ ಬೇರೆ ಪ್ಯಾನೆಲ್. ಆದರೆ ಎರಡರ ಸಿಗ್ನಲ್ಲೂ ಒಂದೇ ಡಯಲರ್ (ಸಿಗ್ನಲ್ ಹೊರಗೆ ಕಳಿಸುವ ಸಾಧನ) ಮೂಲಕ, ದೂರದಿಂದ ಅಲಾರಂ ಗಮನಿಸುವ ಮಾನಿಟರಿಂಗ್‌ನವರಿಗೆ ಹೋಗುತ್ತಿತ್ತು, ಎರಡಕ್ಕೂ ಒಂದೇ ಪರವಾನಗಿ ನಂಬರ್. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈ ಕಟ್ಟಡ ಇರುವ ಊರಿನ ನಿಯಮ ಹೀಗಿದೆ. ಅಲಾರಂ ಇಟ್ಟವರು ಸ್ಥಳೀಯ ಆಡಳಿತದಲ್ಲಿ ನೋಂದಾಯಿಸಬೇಕು. ವರ್ಷಕ್ಕೆ ಮೊದಲ ಮೂರು ಸುಳ್ಳಿಗೆ ಮಾಫಿ, ನಾಲ್ಕನೆಯದರಿಂದ ದಂಡ, ಆಮೇಲೆ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ. ಹತ್ತು ದಾಟಿದರೆ ಪರವಾನಗಿ ಅಮಾನತು, ಕಳ್ಳರ ಅಲಾರಂ ಹೊಡೆದರೆ ಪೊಲೀಸರು ಬರುವುದಿಲ್ಲ. ಬೆಂಕಿ ಅಲಾರಂಗೆ ಗಾಡಿ ಬಂದೇ ಬರುತ್ತದೆ, ಹಿಂದೆಯೇ ಬಿಲ್ಲೂ ಬರುತ್ತದೆ. ಆ ವರ್ಷದ ಒಟ್ಟು ದಂಡ ನನ್ನ ಒಂದೂವರೆ ವರ್ಷದ ಎಎಂಸಿಗೆ (ವಾರ್ಷಿಕ ನಿರ್ವಹಣೆ ಗುತ್ತಿಗೆಯ ಹಣ) ಸಮ ಆಯಿತು. ಮಾಲೀಕರು ಅದರಲ್ಲಿ ಅರ್ಧ ನನ್ನ ಬಿಲ್ಲಿನಲ್ಲಿ ಮುರಿದುಕೊಂಡರು. ಹುಡುಗರ ಸಂಬಳ, ಓಡಾಟ ಎಲ್ಲ ಕಳೆದರೆ ನಾನೇ ಕೈಯಿಂದ ದುಡ್ಡು ಹಾಕಿ ಅವರ ಕಟ್ಟಡ ನೋಡಿಕೊಂಡ ಹಾಗಾಯಿತು.

ದಂಡ ಹಾಕುವವರನ್ನು ನಾನೂ ಬೇಕಾದಷ್ಟು ಬೈದಿದ್ದೇನೆ. ಅವರ ಕಡೆಯಿಂದ ನೋಡಿದರೆ ಪಾಪ ಅನಿಸುತ್ತದೆ. ಅಮೆರಿಕದ ನ್ಯಾಯ ಇಲಾಖೆ ಪೊಲೀಸರಿಗಾಗಿ ತಂದ ಒಂದು ಕೈಪಿಡಿಯಲ್ಲಿ, ಕಳ್ಳರ ಅಲಾರಂ ಕರೆಗಳಲ್ಲಿ ಶೇಕಡಾ 94ರಿಂದ 98 ಸುಳ್ಳು ಅಂತ ಇದೆ. ಸಾಲ್ಟ್ ಲೇಕ್ ಸಿಟಿಯವರು 2000ನೇ ಇಸವಿಯ ಕೊನೆಗೆ ರೋಸಿಹೋಗಿ, ಖಾಸಗಿ ಗಾರ್ಡ್ ಹೋಗಿ ಕಣ್ಣಾರೆ ನೋಡಿ ಹೇಳಿದ ಮೇಲೆ ಮಾತ್ರ ಪೊಲೀಸ್ ಕಳಿಸುತ್ತೇವೆ ಅಂತ ನಿಯಮವನ್ನೇ ಮಾಡಿಬಿಟ್ಟರು. ನೂರಕ್ಕೆ ತೊಂಬತ್ತೈದು ಸಲ ಸುಮ್ನೆ ಓಡಿದರೆ ಯಾರಿಗೆ ತಾನೇ ಸಿಟ್ಟು ಬರಲ್ಲ?

ಈಗ ನಾನು ಮಾಡಿದ ದಡ್ಡತನಗಳು. ಮೂರನೇ ಮಹಡಿ ಕಾರಿಡಾರಿನಲ್ಲಿ ಪದೇಪದೇ ಹೊಡೆಯುತ್ತಿತ್ತು. ಹೊಗೆ ಡಿಟೆಕ್ಟರ್ ಹಳೆಯದಾಗಿದೆ ಅಂದುಕೊಂಡು ಒಂಬತ್ತನ್ನೂ ಬದಲಿಸಿದೆ. ಅದೇ ಕಂಪನಿ, ಬೆಳಕಿನಿಂದ ಹೊಗೆ ಗುರುತಿಸುವ ಅದೇ ಆಪ್ಟಿಕಲ್. ಖರ್ಚು ನನ್ನದೇ, ಹೆಚ್ಚುಕಡಿಮೆ ಮೂರು ತಿಂಗಳ ಎಎಂಸಿ ಹಣ. ಹನ್ನೊಂದನೇ ದಿನ ಹೊಸ ಡಿಟೆಕ್ಟರೇ ಹೊಡೆಯಿತು. ಆಮೇಲೆ ಪ್ಯಾನೆಲ್‌ನಲ್ಲಿ ಸೆನ್ಸಿಟಿವಿಟಿ ಇಳಿಸಿದೆ. ಇದನ್ನು ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಯಾರೂ ಮಾಡಬೇಡಿ. ತಪಾಸಣೆಗೆ ಬಂದ ಫೈರ್ ಅಧಿಕಾರಿ ರೀಡಿಂಗ್ ಪ್ರಿಂಟ್ ತೆಗೆಸಿ, ಅದರ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಮಾಲೀಕರ ಎದುರೇ "ಹೊಗೆ ಕಂಡರೂ ಸುಮ್ಮನಿರೋ ಡಿಟೆಕ್ಟರ್ ಯಾಕೆ ಬೇಕು, ಕಿತ್ತು ಹಾಕ್ರಿ" ಅಂದರು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಮೂರನೆಯದು ಇನ್ನೂ ಕೆಟ್ಟದ್ದು. ಆಫೀಸಿನಲ್ಲಿ ಜಿಪ್ಸಂ ಕೆಲಸ ನಡೆಯುವಾಗ ಧೂಳು ಹೋಗಬಾರದು ಅಂತ ಡಿಟೆಕ್ಟರುಗಳಿಗೆ ಕವರ್ ಹಾಕಿಸಿದ್ದೆ. ಕೆಲಸ ಮುಗಿಯಿತು, ಎಲ್ಲ ತೆಗೆದರು, ಒಂದು ಉಳಿದುಹೋಯಿತು. 12 ದಿನ. ಏನೂ ಆಗಲಿಲ್ಲ ಅನ್ನುವುದು ನನ್ನ ಜಾಣತನವಲ್ಲ, ಅದೃಷ್ಟ. ಅಂದಿನಿಂದ ಕವರುಗಳಿಗೆ ನಂಬರ್ ಬರೆದು ಕೊಡುತ್ತೇನೆ, ಲೆಕ್ಕ ಒಪ್ಪಿಸಿದ ಮೇಲೆಯೇ ಹುಡುಗರು ಮನೆಗೆ.

ಇಷ್ಟಾದ ಮೇಲೆ ಬುದ್ಧಿ ಬಂತು. ಒಂದು ನೋಟ್‌ಬುಕ್ ತಂದು ಗಾರ್ಡ್ ಮೇಜಿನ ಮೇಲೆ ದಾರ ಕಟ್ಟಿ ಇಟ್ಟೆ. ಪ್ಯಾನೆಲ್‌ನಲ್ಲಿ ಲಾಗ್ ಇದೆಯಲ್ಲ ಅನ್ನಬೇಡಿ. ಅದರಲ್ಲಿ ಸಮಯ, ಅಡ್ರೆಸ್ ಇರುತ್ತದೆ. ಆ ಹೊತ್ತಿಗೆ ಅಲ್ಲಿ ಯಾರಿದ್ದರು, ಎಸಿ ಓಡುತ್ತಿತ್ತಾ, ಗಾಳಿ ಇತ್ತಾ, ಯಾವ ಬಾಗಿಲು ತೆರೆದಿತ್ತು ಅನ್ನುವುದು ಇರಲ್ಲ. ಮೂರು ತಿಂಗಳು ಬರೆಸಿದೆ, ಹಳೆಯ ಕರೆಗಳನ್ನೂ ಗಾರ್ಡುಗಳ ನೆನಪಿನಿಂದ ತುಂಬಿಸಿದೆ. 17ರಲ್ಲಿ ಆರು ಬೆಳಿಗ್ಗೆ ಬಾಗಿಲು ತೆರೆಯುವವರ ಕೈತಪ್ಪು, ಐದು ಬಚ್ಚಲ ಆವಿ, ಮೂರು ಗೋದಾಮಿನ ಶಟರ್, ಎರಡು ಕೋಡ್ ಗೊಂದಲ. ಒಂದು ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಪ್ಯಾನೆಲ್ ಕೆಟ್ಟು ಬಂದಿದ್ದು ಎಷ್ಟು? ಸೊನ್ನೆ. ಹೊಸ ಪ್ಯಾನೆಲ್‌ಗೆ ಇನ್ನೊಬ್ಬರು ಕೊಟ್ಟ ಕೊಟೇಶನ್ ನನ್ನ ಮೂರು ವರ್ಷದ ಎಎಂಸಿಯಷ್ಟಿತ್ತು, ನೋಡಿ.

ಬಚ್ಚಲ ಆವಿ ಸುಲಭದ್ದು. ಬಾಗಿಲು ತೆರೆದ ತಕ್ಷಣ ಎಸಿ ಗಾಳಿ ಆ ಆವಿಯನ್ನು ನೇರ ಡಿಟೆಕ್ಟರ್ ಹತ್ತಿರ ತಳ್ಳುತ್ತಿತ್ತು. ಗಾಳಿ ಬರುವ ಜಾಲರಿಯಿಂದ ಡಿಟೆಕ್ಟರ್ ಕನಿಷ್ಠ 3 ಅಡಿ ದೂರ ಇರಬೇಕು ಅಂತ ಅಮೆರಿಕದ ಫೈರ್ ಅಲಾರಂ ನಿಯಮಾವಳಿ ಎನ್‌ಎಫ್‌ಪಿಎ 72 ಹೇಳುತ್ತದೆ, ಇಲ್ಲಿ ಒಂದೂವರೆ ಅಡಿಯೂ ಇರಲಿಲ್ಲ. ಹಾಕಿದವರು ಯಾರು ಅಂತ ಕೇಳಬೇಡಿ. ಎರಡನ್ನು ಸರಿಸಿ, ಆ ಎರಡು ಜಾಗಕ್ಕೆ ಮಾತ್ರ ಹೊಗೆ ಮತ್ತು ಶಾಖ ಎರಡೂ ನೋಡುವ ಮಲ್ಟಿಸೆನ್ಸರ್ ಹಾಕಿದೆ. ಒಂಬತ್ತು ಬದಲಿಸಿ ಆಗದ್ದು ಎರಡರಲ್ಲಿ ಆಯಿತು.

ಕೈತಪ್ಪಿಗೆ ಮದ್ದು ಸಿಪಿ-01. ಕಂಟ್ರೋಲ್ ಪ್ಯಾನೆಲ್‌ಗಳ ಸುಳ್ಳು ಅಲಾರಂ ಕಡಿಮೆ ಮಾಡಲೆಂದೇ ಮಾಡಿದ ಮಾನದಂಡ ಅದು. ನಮ್ಮ ಪ್ಯಾನೆಲ್‌ನಲ್ಲಿ ಆ ಸೆಟ್ಟಿಂಗ್‌ಗಳೆಲ್ಲ ಇದ್ದವು, ಯಾರೋ ಆಫ್ ಮಾಡಿಟ್ಟಿದ್ದರು. ಒಳಬಂದು ಕೋಡ್ ಒತ್ತುವ ಸಮಯ 15 ಸೆಕೆಂಡ್ ಇತ್ತು, 30 ಮಾಡಿದೆ. ಹೊರಹೋಗುವುದಕ್ಕೆ 60. ಸಿಗ್ನಲ್ ಹೊರಗೆ ಹೋಗುವ ಮೊದಲು ರದ್ದು ಮಾಡಲು 30 ಸೆಕೆಂಡ್ ಬಿಡುವು. ಇದು ಕಳ್ಳರ ಅಲಾರಂಗೆ ಮಾತ್ರ, ಫೈರ್ ಕಡೆ ಕೈ ಹಾಕಬೇಡಿ.

ಕೋಡ್ ಗೊಂದಲದ ಕಥೆ ಮಜಾ ಇದೆ. ಕೋಡಿನ ಕೊನೆಯ ಅಂಕಿಗೆ ಒಂದು ಕೂಡಿಸಿ ಒತ್ತಿದರೆ ಸದ್ದಿಲ್ಲದೆ 'ನನ್ನನ್ನು ಹೆದರಿಸುತ್ತಿದ್ದಾರೆ' ಅಂತ ಸಿಗ್ನಲ್ ಹೋಗುವ ಹಳೇ ಏರ್ಪಾಡು ಗೊತ್ತಲ್ವಾ? ಕೋಡ್ 4 ಅಂತ ಮುಗಿಯುತ್ತಿತ್ತು, ಬೆಳಿಗ್ಗೆ ಬರುವವರು ಎರಡು ಸಲ ಪಕ್ಕದ 5 ಒತ್ತಿದರು. ಎರಡು ಸಲವೂ ಪೊಲೀಸರು ಓಡಿ ಬಂದರು. ಒಳಗೆ ಒಬ್ಬರು ಕಸ ಗುಡಿಸುತ್ತಾ ನಿಂತಿದ್ದರು. ಸಿಪಿ-01 ಆ ಒಂದು ಕೂಡಿಸುವ ಏರ್ಪಾಡನ್ನೇ ಬೇಡ ಅನ್ನುತ್ತದೆ. ಪೂರ್ತಿ ಬೇರೆಯದೇ ಕೋಡ್ ಕೊಟ್ಟೆ, ಖರ್ಚು ಸೊನ್ನೆ.

ಶಟರ್ ವಿಷಯಕ್ಕೆ ಬಂದರೆ, ಮೊದಲು ಶಟರ್ ತೆರೆದರೆ ಗುರುತಿಸುವ ಮ್ಯಾಗ್ನೆಟ್ ಕಾಂಟ್ಯಾಕ್ಟ್ ಬದಲಿಸಿದೆ, ಗಾಳಿಗೆ ಶಟರ್ ಅಲುಗಿದರೆ ಮತ್ತೆ ಅದೇ ಗೋಳು. ಆಮೇಲೆ ಪಿಐಆರ್ (ಓಡಾಡುವವರ ಮೈ ಶಾಖ ನೋಡುವುದು) ಮತ್ತು ಮೈಕ್ರೋವೇವ್ (ಅಲೆ ಬಿಟ್ಟು ಚಲನೆ ನೋಡುವುದು) ಎರಡೂ ಇರುವ ಡ್ಯುಯಲ್ ಸೆನ್ಸರ್ ಹಾಕಿದೆ. ಪಕ್ಕದ ಪ್ಲೈವುಡ್ ಗೋಡೆ ಆಚೆ ಜನ ಓಡಾಡಿದರೆ ಮೈಕ್ರೋವೇವ್ ಅದನ್ನೂ ನೋಡುತ್ತಿತ್ತು, ಇತ್ತ ಬಿಸಿಯಾದ ತಗಡಿನ ಸೂರಿನ ಗಾಳಿಗೆ ಪಿಐಆರ್ ಎದ್ದು ಕೂರುತ್ತಿತ್ತು, ಎರಡೂ ಒಟ್ಟಿಗೆ ಸೇರಿದ ದಿನ ಗಂಟೆ ಹೊಡೆಯಿತು. ಕೊನೆಗೆ ರೇಂಜ್ ಇಳಿಸಿ, ಶಟರ್‌ಗೆ ಬೇರೊಂದು ಮಾಡಿದೆ. ಅದೇನು ಅಂತ ಇಲ್ಲಿ ಬರೆಯಲ್ಲ. ಎಲ್ಲ ಹೇಳಿಬಿಟ್ಟರೆ ನಾಳೆ ನನ್ನನ್ನು ಯಾರು ಕರೆಯುತ್ತಾರೆ?

ಈಗ ಕಾಗದದ ಕೆಲಸ. ನಮ್ಮಲ್ಲಿ ಬಹಳ ಜನ ಇದನ್ನು ಓದುವುದೇ ಇಲ್ಲ, ನಾನೂ ಓದಿರಲಿಲ್ಲ. ನಿಯಮದ ಪ್ರತಿ ತಂದು 'ಸುಳ್ಳು ಅಲಾರಂ' ಅಂದರೆ ಏನು ಅಂತ ಬರೆದ ಜಾಗ ಹುಡುಕಿದೆ. ಮೊದಲೇ ತಿಳಿಸಿ ಮಾಡಿದ ಟೆಸ್ಟ್ ಲೆಕ್ಕಕ್ಕೆ ಬರಲ್ಲ ಅಂತ ಸ್ಪಷ್ಟ ಇತ್ತು. ನಮಗೆ ಬಂದ ನೋಟಿಸುಗಳಲ್ಲಿ ಎರಡು ನನ್ನದೇ ಟೆಸ್ಟಿನವು, ಅಂದರೆ ನನ್ನ ನೋಟ್‌ಬುಕ್ಕಿನ 17ರ ಮೇಲೆ ಇವು ಬೇರೆ. ಮಾನಿಟರಿಂಗ್‌ನವರಿಗೆ ಫೋನ್ ಮಾಡಿದ್ದೆ, ಬರೆದು ಕೊಟ್ಟಿರಲಿಲ್ಲ. ಒಂದಕ್ಕೆ ಮೇಲ್ಮನವಿ ಗಡುವು ಮುಗಿದಿತ್ತು, ಹೋಯಿತು. ಇನ್ನೊಂದರ ದಂಡ ವಾಪಸ್ ಬಂತು. ಆ ಚೆಕ್ಕಿನ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ.

ಪರವಾನಗಿ ಕಾಗದದಲ್ಲಿ ತುರ್ತು ಸಂಪರ್ಕ ಅಂತ ಇದ್ದವರು ಕೆಲಸ ಬಿಟ್ಟು ಎರಡು ವರ್ಷ ಆಗಿತ್ತು. ಮಾನಿಟರಿಂಗ್‌ನವರು ಪ್ರತಿ ಸಲ ಆ ಸತ್ತ ನಂಬರಿಗೆ ಒಂದು ಫೋನ್ ಮಾಡಿ, ಯಾರೂ ಎತ್ತಲ್ಲ ಅಂತ ಪೊಲೀಸರಿಗೆ ಹೇಳಿಬಿಡುತ್ತಿದ್ದರು. ಮೂರು ಹೊಸ ನಂಬರ್ ಕೊಟ್ಟೆ, ಕಳ್ಳರ ಅಲಾರಂಗೆ ಕನಿಷ್ಠ ಎರಡು ನಂಬರಿಗೆ ಮಾಡಿದ ಮೇಲೆಯೇ ಪೊಲೀಸ್ ಅಂತ ಬರೆಸಿಕೊಂಡೆ. ಜೊತೆಗೆ ಫೈರ್‌ಗೆ ಒಂದು, ಕಳ್ಳರ ಅಲಾರಂಗೆ ಒಂದು ಅಂತ ಪರವಾನಗಿ ಬೇರೆ ಮಾಡಿಸಿದೆ. ಎರಡು ಶುಲ್ಕ ಕಟ್ಟಬೇಕು, ನಿಜ. ಆದರೆ ಬಚ್ಚಲ ಆವಿಯ ತಪ್ಪಿಗೆ ಗೋದಾಮಿಗೆ ಪೊಲೀಸರು ಬರದ ಹಾಗೆ ಆಗುವುದು ತಪ್ಪಿತು. ಗುಮಾಸ್ತರು "ಇದನ್ನ ಯಾರೂ ಕೇಳೇ ಇಲ್ಲ ಸಾರ್" ಅಂದರು. ಕೇಳಿದರೆ ಹತ್ತು ನಿಮಿಷದ ಕೆಲಸ.

ಎಲ್ಲರೂ ನಕ್ಕಿದ್ದು ಮುಂದಿನದಕ್ಕೆ. ಎನ್‌ಎಫ್‌ಪಿಎ 72ರಲ್ಲಿ ಪಾಸಿಟಿವ್ ಅಲಾರಂ ಸೀಕ್ವೆನ್ಸ್ ಅಂತ ಒಂದಿದೆ, ಪೂರ್ತಿ ಅಲಾರಂ ಹೊಡೆಯುವ ಮೊದಲು ಹೋಗಿ ನೋಡಲು ಬಿಡುವು ಕೊಡುವ ಏರ್ಪಾಡು. ಒಂದು ಡಿಟೆಕ್ಟರ್ ಹೊಡೆದರೆ ತರಬೇತಾದ ವ್ಯಕ್ತಿ 15 ಸೆಕೆಂಡಿನೊಳಗೆ ಪ್ಯಾನೆಲ್‌ನಲ್ಲಿ 'ನೋಡಿದೆ' ಅಂತ ಬಟನ್ ಒತ್ತಿ ಒಪ್ಪಿಕೊಳ್ಳಬೇಕು, ಆಮೇಲೆ ಹೋಗಿ ನೋಡಲು ಹೆಚ್ಚೆಂದರೆ 180 ಸೆಕೆಂಡ್. ಅಷ್ಟರಲ್ಲಿ ಎರಡನೇ ಡಿಟೆಕ್ಟರ್ ಹೊಡೆದರೆ ಕಾಯುವುದಿಲ್ಲ, ನೇರ ಪೂರ್ತಿ ಅಲಾರಂ. ಇದಕ್ಕೆ ಸ್ಥಳೀಯ ಫೈರ್ ಅಧಿಕಾರಿಯ ಒಪ್ಪಿಗೆ ಬೇಕೇ ಬೇಕು. "ಅವರು ಬರೆದು ಕೊಡ್ತಾರಾ? ಕನಸು ಕಾಣಬೇಡ" ಅಂದರು ನನ್ನ ಗುರುಗಳು. ಕೆಂಪು ಪೆನ್ನಿನ ಅದೇ ಅಧಿಕಾರಿಯ ಹತ್ತಿರ ಹೋಗಬೇಕಿತ್ತು ಬೇರೆ.

ಮೊದಲ ಸಲ ಕೂರಿಸದೆಯೇ ಕಳಿಸಿದರು. ಎರಡನೇ ಸಲ ನೋಟ್‌ಬುಕ್ ತೆಗೆದುಕೊಂಡು ಹೋದೆ. ಸುಮಾರು ಅರ್ಧ ಗಂಟೆ ಪುಟ ತಿರುಗಿಸಿ ನೋಡಿದರು. ಕೊನೆಗೆ, ಗಾರ್ಡ್ ಎಷ್ಟು ಹೊತ್ತಿಗೆ ಮೇಲೆ ಮುಟ್ಟುತ್ತಾನೆ, ತೋರಿಸಿ ಅಂದರು. ನಾವೇ ಮೊದಲು ಡ್ರಿಲ್ ಮಾಡಿ ನೋಡಿದಾಗ ನಾಲ್ಕು ನಿಮಿಷದ ಮೇಲಾಯಿತು, ಮಾನ ಹೋಗುವಷ್ಟು. ಪ್ಯಾನೆಲ್ ಇದ್ದದ್ದು ಬೀಗ ಹಾಕಿದ ಎಲೆಕ್ಟ್ರಿಕಲ್ ರೂಮಿನಲ್ಲಿ, ಗಾರ್ಡ್ ಗೇಟಿನಲ್ಲಿ. ಮುಖ್ಯ ಪ್ಯಾನೆಲ್ ತೋರಿಸುವುದನ್ನೇ ತೋರಿಸುವ, ಒಪ್ಪಿಕೊಳ್ಳುವ ಬಟನ್ ಇರುವ ರಿಪೀಟರ್ ಪ್ಯಾನೆಲ್ ಒಂದನ್ನು ಗಾರ್ಡ್ ಮೇಜಿಗೆ ತಂದೆ, ಅಡ್ರೆಸ್ ನಂಬರ್ ಬದಲು 'ಮೂರನೇ ಮಹಡಿ, ಎಡಗಡೆ ಕೊನೆ ರೂಮು' ಅಂತ ಬರುವ ಹಾಗೆ ಹೆಸರು ಬರೆದೆ. ದಡ್ಡತನದ ಖರ್ಚು ಬಿಟ್ಟರೆ ಇಡೀ ಕೆಲಸದಲ್ಲಿ ಅತಿ ಜಾಸ್ತಿ ಖರ್ಚು ಆ ರಿಪೀಟರ್‌ಗೇ, ಎರಡು ತಿಂಗಳ ಎಎಂಸಿ. ಅಧಿಕಾರಿಯ ಎದುರು ನಮ್ಮ ಹಿರಿಯ ಗಾರ್ಡ್, ವಯಸ್ಸು ಐವತ್ತೈದು ದಾಟಿದವರು, 2 ನಿಮಿಷ 10 ಸೆಕೆಂಡಿಗೆ ಮೇಲಿನ ಮಹಡಿ ಮುಟ್ಟಿದರು. "ಅಣ್ಣ, ಉಸಿರು ತಗೊಳ್ಳಿ" ಅಂತ ನಾನೇ ಕುರ್ಚಿ ಹಾಕಿದೆ.

ಒಪ್ಪಿಗೆ ಸಿಕ್ಕಿತು, ಷರತ್ತಿನ ಮೇಲೆ. ಗೋದಾಮಿಗೆ ಇಲ್ಲ. ತರಬೇತಾದವರು ಇಲ್ಲದ ಪಾಳಿಯಲ್ಲಿ ಇಲ್ಲ. ನೋಟ್‌ಬುಕ್ಕಿನ ಪ್ರತಿ ಪ್ರತಿ ತಿಂಗಳು ಅವರ ಟೇಬಲ್ ಮೇಲೆ ಇರಬೇಕು. ಈ 14 ತಿಂಗಳಲ್ಲಿ ಡಿಟೆಕ್ಟರುಗಳು ಐದಾರು ಸಲ ಎದ್ದಿವೆ, ಗಾರ್ಡ್ ಹೋಗಿ ನೋಡಿ ರೀಸೆಟ್ ಮಾಡಿದ್ದಾರೆ, ಗಾಡಿ ಓಡಿಲ್ಲ. ಲೆಕ್ಕಕ್ಕೆ ಬಂದ ಆ ಒಂದು, ಬೀರು ಸಾಗಿಸುವಾಗ ಅದರ ಮೂಲೆ ಗೋಡೆಯ ಎಂಸಿಪಿಗೆ (ಬೆಂಕಿ ಕಂಡವರು ಕೈಯಿಂದ ಒತ್ತುವ ಅಲಾರಂ ಬಟನ್) ತಾಗಿದ್ದು. ಎಂಸಿಪಿ ಕಾಯುವುದಿಲ್ಲ, ಕಾಯಲೂಬಾರದು. ಈಗ ಎಲ್ಲದಕ್ಕೂ ಎತ್ತಿ ಒತ್ತುವ ಪಾರದರ್ಶಕ ಮುಚ್ಚಳ ಇದೆ.

ನಡುವೆ ಒಂದೆರಡು ಹುಚ್ಚಾಟವೂ ಆಯಿತು. ಆಫೀಸಿನಲ್ಲಿ ಯಾರದೋ ಸಮಾರಂಭದ ಬಲೂನ್ ಉಳಿದಿತ್ತು, ರಾತ್ರಿ ಎಸಿ ಗಾಳಿಗೆ ತೇಲಾಡಿದರೆ ಪಿಐಆರ್ ಎದ್ದೇಳುತ್ತಾ ಅಂತ ಟೆಸ್ಟ್ ಮೋಡ್ ಹಾಕಿ ಕೂತು ನೋಡಿದೆ. ಸೆನ್ಸರ್ ಹತ್ತಿರ ಹೋದಾಗ ಎದ್ದಿತು, ದೂರದಲ್ಲಿ ಇಲ್ಲ. ಡಿಟೆಕ್ಟರ್ ಕ್ಲೀನಿಂಗ್‌ಗೆ ಬ್ಲೋವರ್, ವ್ಯಾಕ್ಯೂಮ್ ಎರಡೂ ಹತ್ತತ್ತು ಡಿಟೆಕ್ಟರ್ ಮೇಲೆ ಪ್ರಯೋಗ ಮಾಡಿದೆ. ಬ್ಲೋವರ್ ಧೂಳನ್ನು ಒಳಗೇ ತಳ್ಳಿ ರೀಡಿಂಗ್ ಇನ್ನೂ ಕೆಡಿಸಿತು, ಮೂರನ್ನು ಬಿಸಾಕಬೇಕಾಯಿತು. ವ್ಯಾಕ್ಯೂಮ್ ಸಾಕು.

ಒಟ್ಟು ಖರ್ಚು, ದಡ್ಡತನದ್ದೂ ಸೇರಿ, ಎಂಟು ತಿಂಗಳ ಎಎಂಸಿ ಹತ್ತಿರ ಬಂತು. ದಡ್ಡತನ ಬಿಟ್ಟರೆ ನಾಲ್ಕು ತಿಂಗಳದ್ದಾಗುತ್ತಿತ್ತು. ಮೊನ್ನೆ ನವೀಕರಣಕ್ಕೆ ಹೋದಾಗ ಮಾಲೀಕರು ಕೇಳಿದ್ದು ಇದು: "ಅಲಾರಂ ಹೊಡೆಯೋದೇ ಇಲ್ಲ, ಮತ್ತೆ ಇಷ್ಟು ಎಎಂಸಿ ಯಾಕೆ?" ಹಳೇ ದಂಡದ ರಸೀದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಅವರ ಮೇಜಿನ ಮೇಲೆ ಇಟ್ಟೆ. ಕಾಲು ಭಾಗ ಏರಿಸಿ ಸಹಿ ಹಾಕಿದರು.